ಈಟಿಗಳಿಗೆ ಜಾಗವಿಲ್ಲ

ತಾರ್ತು ನಮ್ಮ ಊರು. ಅರವತ್ತೆರಡರ ಚಳಿಗಾಲ.
ಹಗಲಿಡೀ ಯಂತ್ರಕ್ಕೆ ದೊಡ್ಡವರ ಕೆಲಸ:
ಡೇರಿಗಳ ಹಾಲು, ಸೇತುವೆಗಳ ತೂಕ,
ಪ್ರೊಫೆಸರರ ಮುಗಿಯದ ಸಮೀಕರಣ.
ನಮಗೆಂದು ಉಳಿದದ್ದು ರಾತ್ರಿ ಎರಡರಿಂದ ಐದು,
ಅದೂ ವಾಲ್ವು ಸುಡದಿದ್ದರೆ.

ಹೆಸರಿಗೆ ತಾಯಿಹೊಳೆ,
ಹೊರಗೆ ಕಲ್ಲಾಗಿ ಬಿದ್ದಿತ್ತು.
ಒಳಗೆ ಎಂಟುನೂರು ವಾಲ್ವುಗಳ ಕಾವಿಗೆ
ಉಕು ಅಂಗಿ ಬಿಚ್ಚಿ ಕೂರುತ್ತಿದ್ದ,
ವೈಕೆ ಒದ್ದೆ ಕಾಲ್ಚೀಲ ಒಣಹಾಕುತ್ತಿದ್ದಳು
ವಿಜ್ಞಾನದ ಬೆನ್ನಮೇಲೆ.

ಕಾಗದದ ಪಟ್ಟಿ ಎಲ್ಲಿಯದು?
ಹಳೆಯ ಸಿನಿಮಾ ರೀಲಿಗೆ ತೂತು ಹೊಡೆದು
ಆಜ್ಞೆ ಬರೆದೆವು. ದೀಪಕ್ಕೆ ಹಿಡಿದರೆ
ಯಾರೋ ನಟಿ ರೈಲಿಗೆ ಕೈಬೀಸುತ್ತಾಳೆ,
ಅವಳ ಕೆನ್ನೆಯ ಮೇಲೆ, ತುಟಿಯ ಮೇಲೆ
ಕುದುರೆ ನೆಗೆಯುವ ನಿಯಮ.

ಒಂದು ಮಾತು ಹೇಳಿಬಿಡಬೇಕು:
ನಿಮ್ಮ ಆನೆ ನಮ್ಮ ನುಡಿಯಲ್ಲಿ ಬಂಡಿ,
ರಾಣಿಯೆಂದರೆ ಬಾವುಟ.
ಈ ಹಿಮದಲ್ಲಿ ಒಂಟೆ ಕಂಡವರು ಯಾರು?
ಅದಕ್ಕೆ ನಾವು ಈಟಿ ಎನ್ನುತ್ತೇವೆ.
ಕುದುರೆ ಮಾತ್ರ ಅಲ್ಲೂ ಕುದುರೆ, ಇಲ್ಲೂ ಕುದುರೆ.

ಹಲಗೆಯಲ್ಲಿ ಅರವತ್ತನಾಲ್ಕು ಮನೆ.
ಯಂತ್ರದ ನೆನಪೋ, ತಿರುಗುವ ಒಂದು ಡ್ರಮ್ಮು,
ಅದರಲ್ಲಿ ಸಾವಿರದಿಪ್ಪತ್ತನಾಲ್ಕು ಮನೆ.
ಎಷ್ಟು ಒತ್ತರಿಸಿ ಕೂತರೂ
ಎಲ್ಲರಿಗೂ ಬಿಡಾರ ಸಿಗಲಿಲ್ಲ.
ಅಂಚಿನ ಸಾಲು ಕಡಿದು ಮೂವತ್ತಾರಕ್ಕೆ ಇಳಿಸಿದೆವು.
ಆಮೇಲೂ ಸಾಲದೆ
ನಾಲ್ಕೂ ಈಟಿಗಳನ್ನು ಹೊರಗಿಟ್ಟೆವು.

ಕಾವಲಿನ ಅಲ್ವೀನೆ ಅವನ್ನು ಮೇಜಿನಿಂದ ಎತ್ತಿ
ಏಪ್ರನ್ನಿನ ಜೇಬಿಗೆ ಹಾಕಿಕೊಂಡರು:
"ಕಳೆದುಹೋಗುತ್ತವೆ, ನನ್ನ ಹತ್ತಿರ ಇರಲಿ."

ಮೊದಲ ಆಟ ಅವರದೇ.
ಕೂಸಿನ ದೌರ್ಬಲ್ಯ ಬಲ್ಲ ನಾವು ಎದುರಾಳಿಯಾಗಲು ಲಾಯಕ್ಕಿಲ್ಲ.
ಒಂದು ನಡೆಗೆ ಹನ್ನೊಂದು ನಿಮಿಷ.
ಅಷ್ಟರಲ್ಲಿ ಅವರು ಬಾಯ್ಲರಿಗೆ ಕಲ್ಲಿದ್ದಲು ಹಾಕಿ ಬರುವರು,
ಗೇಟು ನೋಡಿ ಬರುವರು,
ಕೂತು ಕಾಲ್ಚೀಲದ ಹಿಮ್ಮಡಿ ಹೆಣೆಯುವರು.

ಮೂರನೆಯ ರಾತ್ರಿ
ಅವರ ರಾಜ ಒಬ್ಬನೇ ಉಳಿದ, ಮೂಲೆಯಲ್ಲಿ.
ಯಂತ್ರಕ್ಕೆ ಬಂಡಿಯಿತ್ತು, ಬಾವುಟವಿತ್ತು,
ಒಂದೇ ನಡೆಯಲ್ಲಿ ಚೆಕ್‌ಮೇಟ್ ಇತ್ತು.
ಉಸಿರು ಹಿಡಿದೆವು.
ಅದು ಬಂಡಿಯನ್ನು ಪಕ್ಕದ ಮನೆಗೆ ಸರಿಸಿತು.
ಮತ್ತೆ ಹನ್ನೊಂದು ನಿಮಿಷ. ವಾಪಸು ತಂದಿತು.
ಮತ್ತೆ ಪಕ್ಕಕ್ಕೆ.

ಉಕು ಕೂದಲು ಕಿತ್ತುಕೊಂಡ.
ವೈಕೆ ರೀಲನ್ನು ಮೊಳ ಮೊಳ ಅಳೆದು ಕಾರಣ ಹಿಡಿದಳು:
ಇಂದಿನ ಗೆಲುವು, ನಾಳಿನ ಗೆಲುವು,
ಎರಡಕ್ಕೂ ನಾವು ಒಂದೇ ಅಂಕ ಕೊಟ್ಟಿದ್ದೆವು.
ಗೆಲ್ಲಬಲ್ಲೆ ಎಂದು ಗೊತ್ತಾದ ಮೇಲೆ
ಅದಕ್ಕೆ ಗೆಲ್ಲುವ ತುರ್ತು ಉಳಿದಿರಲಿಲ್ಲ.

"ಪಾಪ, ಮೃದು ಮನಸ್ಸು," ಎಂದೆ ನಾನು, ನಗಿಸಲೆಂದು.
ಅಲ್ವೀನೆ ಸೂಜಿ ಕೆಳಗಿಟ್ಟರು.
"ಕೊಲ್ಲಬಲ್ಲವನು ಕೊಲ್ಲದೆ ಕೂತರೆ
ಅದಕ್ಕೆ ಕರುಣೆ ಅಂತ ಹೆಸರಿಡಬೇಡ, ಮಗೂ.
ನಲವತ್ತೊಂಬತ್ತರಲ್ಲಿ ಮೇಜಿನ ಆಚೆ ಒಬ್ಬ ಹೀಗೇ ಕೂತಿದ್ದ,
ಹದಿನೇಳು ರಾತ್ರಿ.
ಪೆನ್ನು ಆಚೆಯಿಂದ ಈಚೆ, ಈಚೆಯಿಂದ ಆಚೆ."
ಯಾವ ಊರು, ಯಾವ ಕೋಣೆ, ಹೇಳಲಿಲ್ಲ;
ಕೇಳುವ ಕಾಲವೂ ಅದಲ್ಲ.
ರಾಜನನ್ನು ತಾವೇ ಮಲಗಿಸಿ
ಬಾಯ್ಲರಿನ ಕಡೆ ನಡೆದರು.

ತಿದ್ದುಪಡಿಗೆ ಒಂದೇ ಮನೆ ಸಾಕಾಯಿತು:
ತಡಮಾಡಿದ ಪ್ರತಿ ನಡೆಗೂ ಒಂದಂಕ ಕಡಿತ.
ನಟಿಯ ಬೀಸುವ ಕೈಯಲ್ಲಿ ಇನ್ನೆರಡು ತೂತು.
ಮರುರಾತ್ರಿ ಅದೇ ಮೂಲೆ, ಅದೇ ರಾಜ,
ಯಂತ್ರ ಒಂದೇ ಏಟಿಗೆ ಮುಗಿಸಿತು.
ಉಕು ಕುಣಿದ. ಅಲ್ವೀನೆ ಹಲಗೆಯನ್ನೇ ನೋಡಿ,
"ಹೂಂ, ಇದು ಮರ್ಯಾದೆ," ಎಂದು
ಎಲ್ಲರಿಗೂ ಚಹಾ ಬಗ್ಗಿಸಿದರು.

ಯಂತ್ರ ಗುಜರಿಗೆ ಹೋಗಿ ಎಷ್ಟೋ ಕಾಲ.
ಹಲಗೆ, ಕಾಯಿಗಳು ನನ್ನ ಹತ್ತಿರವಿವೆ.
ಆಡಲು ಕೂತವರು ಕೇಳುತ್ತಾರೆ: ಈಟಿಗಳೆಲ್ಲಿ?
ಅವರು ವಾಪಸು ಕೊಡಲಿಲ್ಲ, ನಾವು ಕೇಳಲೂ ಇಲ್ಲ.
ಡಬ್ಬಿಯಿಂದ ಅಂಗಿಯ ಗುಂಡಿ ತೆಗೆದಿಡುತ್ತೇನೆ,
ಎರಡು ಬಿಳಿ, ಎರಡು ಕಪ್ಪು.